ಆರಿದ ಮುದ್ದೆ

ಮಕ್ಕಳಿಗೆ ಮುದ್ದೆ ಸೇರುವುದಿಲ್ಲ ಎಂದು ಬರೆದುಕೊಟ್ಟವಳು ನಾನು. ಅದು ಸುಳ್ಳು, ಗಂಗಮ್ಮ — ಬರೆಯುವಾಗಲೇ ನನಗೆ ಗೊತ್ತಿತ್ತು.

ಚೇಳೂರಿನ ಪಕ್ಕದ ಆ ಶಾಲೆಗೆ ನಾನು ಹೆಡ್‌ಮಿಸ್, ನೀವು ಬಿಸಿಯೂಟದ ಅಡುಗೆಯವರು. ವಾರಕ್ಕೆರಡು ದಿನ ಅನ್ನದ ಬದಲು ನಮ್ಮದೇ ಹೊಲಗಳ ರಾಗಿ ಕೊಟ್ಟು ನೋಡಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಚಿಕ್ಕ ಚಿಕ್ಕ ಮುದ್ದೆ ಕಟ್ಟಿ, ಬಸ್ಸಾರಿನ ಜೊತೆ ಬಿಸಿಬಿಸಿ ಬಡಿಸಿದಿರಿ. ಅಗಿಯಬೇಡಿ, ನುಂಗಿ ಎಂದು ಒಬ್ಬೊಬ್ಬರಿಗೂ ಕಲಿಸಿದಿರಿ. ಪ್ರಾರ್ಥನೆಯಲ್ಲಿ ತಲೆಸುತ್ತಿ ಕುಸಿಯುತ್ತಿದ್ದ ಲಕ್ಷ್ಮಿ, ಎರಡನೇ ಮುದ್ದೆಗೆ ತಟ್ಟೆ ಒಡ್ಡುತ್ತಿದ್ದಳು.

ಪರಿಶೀಲನೆಗೆ ತುಮಕೂರಿನಿಂದ ಸಾಹೇಬರು ಬರುವವರಿದ್ದರು. ಊಟದ ಹೊತ್ತಾದರೂ ಬರಲಿಲ್ಲ. ಮಕ್ಕಳು ಸಾಲಾಗಿ ಕೂತು ಉಣ್ಣುವುದನ್ನು ಅವರು ನೋಡಲೇಬೇಕೆಂಬ ಹಟ ನನಗೆ. ಅವರು ಬರುವತನಕ ಮುದ್ದೆ ಮುಚ್ಚಿಡಿ ಎಂದೆ.

"ಹಿಟ್ಟು ಯಾರಿಗೂ ಕಾಯಾಕಿಲ್ಲ ಕಣಮ್ಮ. ಆರೋದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ," ಎಂದಿರಿ ನೀವು; ನಿಮ್ಮ ಮಾತಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೆಸರು.

ಅಡುಗೆಯವರಿಂದ ನಾನೇನು ಪಾಠ ಕಲಿಯಬೇಕೆ — ಹಾಗೆಂದುಕೊಂಡೆ, ನಾಚಿಕೆಯಿಲ್ಲದೆ. ಎರಡು ಗಂಟೆ ಕಾಯಿಸಿದೆ. ಕೊನೆಗೂ ಬಂದ ಸಾಹೇಬರ ಎದುರಿಗೇ ಮಕ್ಕಳು ಗಟ್ಟಿಯಾದ ಮುದ್ದೆಯನ್ನು ಬಾಯಿಂದ ಹೊರಗೆ ತೆಗೆದರು. ಲಕ್ಷ್ಮಿಗೆ ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂತು.

"ಮಕ್ಕಳಿಗೆ ಸೇರಲ್ವಾ ಮೇಡಂ?" ಎಂದರು ಸಾಹೇಬರು.

ನೀವು ನನ್ನ ಮುಖ ನೋಡಿದಿರಿ. ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಿತ್ತು — "ಸೇರಲ್ಲ ಸರ್," ಎಂದೆ. ಅದನ್ನೇ ಬರೆದು ಸಹಿ ಹಾಕಿದೆ. ಸುಳ್ಳು ಹೇಳಬಾರದು ಎಂದು ಮಕ್ಕಳಿಂದ ದಿನಾ ಬರೆಸುತ್ತಿದ್ದ ಕೈ ಅದು.

ನಮ್ಮ ಶಾಲೆಯಲ್ಲಿ ರಾಗಿ ನಿಂತಿತು. ಲಕ್ಷ್ಮಿ ಮತ್ತೆ ಪ್ರಾರ್ಥನೆಯಲ್ಲಿ ಕುಸಿಯತೊಡಗಿದಳು. ನೀವು ಮುದ್ದೆ ತಿರುವುವ ಕೋಲನ್ನು ತೊಳೆದು ಮನೆಗೆ ಒಯ್ಯುತ್ತಾ, "ನನ್ ಕೈಗುಣವೇ ಸರಿಯಿಲ್ಲ ಬುಡಿ," ಎಂದಿರಿ. ಅಲ್ಲ ಎನ್ನಬಹುದಿತ್ತು. ಎನ್ನಲಿಲ್ಲ.

ರಿಟೈರಾಗಿ ಗುಬ್ಬಿಯಲ್ಲಿದ್ದೇನೆ. ನೀವು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಮೊನ್ನೆ ನಿಮ್ಮ ಮನೆಗೆ ಹೋಗಿದ್ದೆ. "ಆವತ್ತಿಂದ ಅವ್ವ ಹಿಟ್ಟಿನ ಕೋಲು ಮುಟ್ಲಿಲ್ಲ ಮೇಡಂ. ನನ್ ಕೈದು ಮಕ್ಳಿಗೆ ಇಳಿಯಾಕಿಲ್ಲ ಅಂತಿದ್ಲು," ಎಂದಳು ನಿಮ್ಮ ಮಗಳು.

ಆಗ ಹೇಳಿದೆ, ಎಲ್ಲವನ್ನೂ.

"ಇದ್ನ ಅವ್ವಂಗೆ ಹೇಳ್ಬೇಕಿತ್ತು ನೀವು."

ಹಾಗೆಂದು ಎದ್ದಳು. ಮನೆಗೆ ಬಂದವರನ್ನು ಉಣಿಸದೆ ಕಳಿಸಬಾರದೆಂದು ಒಳಗೆ ಹೋಗಿ, ತಟ್ಟೆ ತಂದಿಟ್ಟಳು. ಮುದ್ದೆಯಿಂದ ಇನ್ನೂ ಹಬೆಯಾಡುತ್ತಿತ್ತು. ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ, ಗಂಗಮ್ಮ. ಇಳಿಯಲಿಲ್ಲ.