ಸಾಲಿನ ಹಿಂದೆ ನಡೆಯುತ್ತಿದ್ದ ಜಮಾದಾರರು

ಮೊನ್ನೆ ಮೊಮ್ಮಗಳ ಮದುವೆಗೆಂದು ಹೊಸ ಗಾದಿ ತುಂಬಿಸಲು ಅರಳೆ ತಂದಿದ್ದರು. ಪಡಸಾಲೆಯಲ್ಲಿ ಗಂಟು ಬಿಚ್ಚಿದಾಗ ವಾಸನೆ ಮೂಗಿಗೆ ಬಡಿಯಿತು. ಹತ್ತಿಗೆ ಎಲ್ಲಿಯ ವಾಸನೆ ಎಂದು ಹುಡುಗರು ನಕ್ಕರು. ವರ್ಷಗಟ್ಟಲೆ ಅದನ್ನು ಹೆಗಲ ಮೇಲೆ ಹೊತ್ತವನಿಗೆ ಗೊತ್ತು... ಬಿಸಿಲಿಗೆ ಕಾದ ಧೂಳು, ಹತ್ತಿಕಾಳಿನ ಎಣ್ಣೆಯ ಜಿಡ್ಡು, ಅದರೊಳಗೆ ಎಲ್ಲೋ ಒಂದಿಷ್ಟು ಕಂಬಳಿಯ ವಾಸನೆ. ಕಂಬಳಿಯದು ಆ ಗಂಟಿನಲ್ಲಿ ಇರಲಿಲ್ಲ. ಅದು ನಮ್ಮ ಜಮಾದಾರರದು. ಅರಳೆ ಬಂದರೆ ಅದರ ಹಿಂದೆಯೇ ಅವರೂ ಬಂದುಬಿಡುತ್ತಾರೆ.

ನಾನು ದೇವದುರ್ಗದ ಕಡೆಯವನು. ಶಾಲೆಯನ್ನು ಎರಡನೇ ಜಮಾತಿಗೇ ಬಿಟ್ಟೆ. ನಾಲ್ಕಕ್ಷರ ಕಲಿತದ್ದು ಆಮೇಲೆ, ದುಡಿಯುತ್ತ ದುಡಿಯುತ್ತ. ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ ಹೆಂಡತಿಯನ್ನು ಕರೆದುಕೊಂಡು ರಾಯಚೂರಿಗೆ ಬಂದು ಒಂದು ಹತ್ತಿ ಕಾರ್ಖಾನೆಯಲ್ಲಿ ಹಮಾಲನಾದೆ. ಮಾನ್ವಿ, ಕವಿತಾಳದ ಕಡೆಯಿಂದ ಬಂಡಿಗಳಲ್ಲಿ ಬಂದ ಹತ್ತಿ ಅಲ್ಲಿ ಕಾಳು ಬೇರೆಯಾಗಿ, ಒತ್ತಿಸಿಕೊಂಡು, ಬಿಗಿದ ದೊಡ್ಡ ಅಂಡಿಗೆಯಾಗಿ ಹೊರಬೀಳುತ್ತಿತ್ತು. ಅಂಡಿಗೆಗೆ ಹಗ್ಗ ಬಿಗಿದು, ಬೊಂಬು ತೂರಿಸಿ, ಆರು ಜನ ಹೆಗಲು ಕೊಟ್ಟು ರೈಲು ಡಬ್ಬಿಯವರೆಗೆ ಒಯ್ಯುವುದು ನಮ್ಮ ಕೆಲಸ. ಸಾಲಿನಲ್ಲಿ ಒಬ್ಬ ಕೂಗು ಹಾಕುತ್ತಿದ್ದ. ಅವನ ಒಂದು ಕೂಗಿಗೆ ಎಲ್ಲರದೂ ಒಂದು ಹೆಜ್ಜೆ. ಯಾರೊಬ್ಬ ಹೆಜ್ಜೆ ತಪ್ಪಿದರೂ ಭಾರವೆಲ್ಲ ಪಕ್ಕದವನ ಕುತ್ತಿಗೆಗೆ.

ತಂಡ ನಡೆಸುವವನೇ ಜಮಾದಾರ. ಬೇರೆ ತಂಡಗಳ ಜಮಾದಾರರು ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಂಡು, ಕೈಯಲ್ಲಿ ಬೆತ್ತ ಹಿಡಿದು ಮುಂದೆ ನಡೆಯುತ್ತಿದ್ದರು. ಕೂಗು ಹಾಕುವ ಕೆಲಸವನ್ನು ಗಟ್ಟಿ ಆಳಿಗೆ ಕೊಡುತ್ತಿದ್ದರು. ನಮ್ಮವರಿಗೂ ಬಿಲ್ಲೆ ಇತ್ತು, ಆದರೆ ಅದು ಕಂಬಳಿಯ ಕೆಳಗೆ ಮುಚ್ಚಿಹೋಗಿರುತ್ತಿತ್ತು. ಅವರು ನಡೆಯುತ್ತಿದ್ದುದು ಸಾಲಿನ ಹಿಂದೆ, ನಮ್ಮ ಕಾಲುಗಳನ್ನೇ ನೋಡುತ್ತ. ಕೂಗನ್ನು ಕೊಟ್ಟದ್ದೋ, ಕಲ್ಮಲದ ಮಾವನಿಗೆ. ನಾವೆಲ್ಲ ಹಾಗೆ ಕರೆಯುತ್ತಿದ್ದ ಆ ಹಿರಿಯನ ಮೊಣಕಾಲ ಮೇಲೆ ಹಿಂದೊಮ್ಮೆ ಅಂಡಿಗೆ ಉರುಳಿತ್ತು. ಕುಂಟುತ್ತಲೇ ಹೆಗಲು ಕೊಡುತ್ತಿದ್ದ, ‘ಹಗೂರ... ಯಪ್ಪಾ, ಹಗೂರ...’ ಎಂದು ಕೂಗುತ್ತಿದ್ದ.

ನನಗೆ ಇದು ಸೇರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ನನ್ನಷ್ಟು ಕಸುವಿನವರು ಇರಲಿಲ್ಲ, ಇದನ್ನು ಈಗಲೂ ತಲೆಯೆತ್ತಿ ಹೇಳುತ್ತೇನೆ. ಒಂದು ದಿನ ಬುತ್ತಿ ಬಿಚ್ಚಿದಾಗ ಜಮಾದಾರರನ್ನು ಕೇಳಿಯೇಬಿಟ್ಟೆ, ಕೂಗು ನನಗ್ಯಾಕೆ ಕೊಡುವುದಿಲ್ಲ ಎಂದು. ಪಕ್ಕದವನೊಬ್ಬ ರೊಟ್ಟಿ ಮುರಿಯುತ್ತ, “ಈ ಹೋರಿಗೆ ಕೂಗು ಕೊಟ್ರ ಅಂಡಿಗಿ ಡಬ್ಬಿ ದಾಟಿ ಮದ್ರಾಸಿಗೇ ಹೋಗಿ ನಿಲ್ತದ” ಎಂದ. ಎಲ್ಲರೂ ನಕ್ಕರು. ಜಮಾದಾರರು ನಗಲಿಲ್ಲ.

“ನೀ ಓಡ್ತೀಯಲೇ ತಮ್ಮಾ. ನೀ ಓಡಿದ್ರ ಅವ ಬೀಳ್ತಾನ. ಅವ ನಡದ್ರ ನೀ ಏನ್ ಬೀಳಂಗಿಲ್ಲಲ್ಲ?”

ಅವರು ಮಲ್ಲಟದವರು, ಕುರಿ ಕಾಯುವ ಮನೆತನ. ಕುಂಟುವ ಕುರಿಯನ್ನು ಮುಂದೆ ಬಿಟ್ಟು ಹಿಂದಿನಿಂದ ತಾನು ನಡೆಯುವುದನ್ನು ಅಪ್ಪ ಕಲಿಸಿದ್ದನಂತೆ. ಹಿಂದುಳಿದ ಕುರಿಯನ್ನು ತೋಳ ಒಯ್ದದ್ದು ಮುಂದೆ ನಡೆದವನಿಗೆ ತಿಳಿಯುವುದೇ ಇಲ್ಲ ಎಂದು ಹೇಳಿ, ಅವರು ನೀರು ಕುಡಿದು ಎದ್ದರು. ನನಗೆ ಅರ್ಧ ಅರ್ಥವಾಯಿತು, ಅರ್ಧ ಸಿಟ್ಟು ಉಳಿಯಿತು.

ಹೀಗಿರುವಾಗ ಹೊಸ ಮ್ಯಾನೇಜರ್ ಬಂದರು. ಇಸ್ತ್ರಿ ಮುರಿಯದ ಶೇರವಾನಿ, ಅವಸರದ ಮನುಷ್ಯ. ಕುಂಟನೊಬ್ಬ ಸಾಲು ನಡೆಸುವುದನ್ನು ಕಂಡು, ನಾಳೆಯಿಂದ ಇವನು ಗೇಟಿನ ಒಳಗೆ ಕಾಣಬಾರದು ಎಂದರು. ಕಲ್ಮಲದ ಮಾವ ಬೊಂಬು ಹಿಡಿದೇ ನಿಂತಿದ್ದ. ಅವನ ಮನೆಯಲ್ಲಿ ದುಡಿಯುವ ಕೈ ಬೇರೆ ಇರಲಿಲ್ಲ.

ಜಮಾದಾರರು ಕಂಬಳಿ ತೆಗೆದು ನೆಲಕ್ಕಿಟ್ಟರು. “ಸಾಹೇಬ್ರ, ಕೂಗು ಅವಂದಿರ್ಲಿ, ಹೆಗಲ ನಾ ಕೊಡ್ತೀನಿ. ನಿಮಗೇನ್ ಕಮ್ಮಿ ಬಿತ್ರಿ?”

ಹೊರುವವನು ಜಮಾದಾರ ಹೇಗಾಗುತ್ತಾನೆ ಎಂದು ಮ್ಯಾನೇಜರ್ ಕೇಳಿದರು. ಜಮಾದಾರರು ಬಿಲ್ಲೆ ಬಿಚ್ಚಿ ಅವರ ಕೈಗಿಟ್ಟರು. ಮ್ಯಾನೇಜರ್ ಸಾಲನ್ನೊಮ್ಮೆ ನೋಡಿ ಅದನ್ನು ನನ್ನತ್ತ ಚಾಚಿದರು. ನಾನು ಜಮಾದಾರರ ಮುಖ ನೋಡಿದೆ. “ತೊಗೋಲೇ,” ಎಂದರು ಮೆಲ್ಲಗೆ, “ಹೊರಗಿನವ ಬಂದ್ರ ಇವರ ಗತಿ ಏನು?”

ಬಿಲ್ಲೆಯನ್ನು ಹೆಂಡತಿ ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಟ್ಟಳು. ಮರುದಿನ ಬೆಳಿಗ್ಗೆ ಹಾಕಿಕೊಂಡು ಹೋದೆ. ಕಲ್ಮಲದ ಮಾವ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ, ಯಾರಾದರೂ ಕರೆದಾರೆಂದು. ನಾನು ಅತ್ತ ನೋಡದ ಹಾಗೆ ಒಳಗೆ ಹೋದೆ. ಸಾಲಿನ ಮುಂದೆ ನಿಂತು ನಾನೇ ಕೂಗು ಹಾಕಿದೆ. ದನಿ ಚೆನ್ನಾಗಿಯೇ ಇತ್ತು... ಬರಿಗೈಯಲ್ಲಿ ಮುಂದೆ ನಡೆಯುವವನ ಹೆಜ್ಜೆ ಎಷ್ಟು ದೊಡ್ಡದಾಗುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ಹಿಂದೆ ಹಗ್ಗ ಕಿರ್ರೆಂದಿತು. ತಿರುಗಿದರೆ ಅಂಡಿಗೆ ವಾಲಿತ್ತು, ಭಾರವೆಲ್ಲ ಜಮಾದಾರರ ಹೆಗಲ ಮೇಲೆ. ಕುತ್ತಿಗೆಯ ನರಗಳು ಉಬ್ಬಿದ್ದವು. ಓಡಿ ಹೋಗಿ ಬೊಂಬಿಗೆ ಹೆಗಲು ಕೊಟ್ಟೆ, ಇಳಿಸಿದೆವು.

ಬೈಯುತ್ತಾರೆಂದು ಕಾದೆ. ಅವರು ಬೆವರು ಒರೆಸಿಕೊಂಡು, “ಜಮಾದಾರ್ರ, ಮುಂದ ಹೆಂಗ್ ಮಾಡೋಣ್ರಿ?” ಎಂದರು.

ಅದರಲ್ಲಿ ಅಣಕ ಇರಲಿಲ್ಲ. ಹಿಂದಿನ ದಿನದವರೆಗೂ ‘ಲೇ’ ಎನ್ನುತ್ತಿದ್ದ ಮನುಷ್ಯ, ನನ್ನ ಅಪ್ಪನ ವಯಸ್ಸಿನವರು, ಕೈಕಟ್ಟಿ ನಿಂತು ನನ್ನ ಮಾತಿಗೆ ಕಾಯುತ್ತಿದ್ದರು. ಅವರು ಬೈದಿದ್ದರೆ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಗೇಟಿಗೆ ಹೋಗಿ ಕಲ್ಮಲದ ಮಾವನ ಕೈ ಹಿಡಿದು ಕರೆತಂದೆ. ಕೂಗು ಅವನು ಹಾಕಿದ. ಹೆಗಲು ಜಮಾದಾರರು ಕೊಟ್ಟರು. ನಾನು ಸಾಲಿನ ಹಿಂದೆ ಬಂದೆ.

ಮ್ಯಾನೇಜರ್ ಬಂದು ಹುಬ್ಬು ಗಂಟಿಕ್ಕಿದಾಗ, “ಸಾಹೇಬ್ರ, ಸಂಜಿಗೆ ಡಬ್ಬಿ ತುಂಬಬೇಕಂದ್ರ ಇವ ಇರ್ಬೇಕ್ರಿ. ಬ್ಯಾಡಂದ್ರ ಬಿಲ್ಲೆ ತೊಗೋರಿ” ಎಂದೆ. ಅವರು ಖಾಲಿ ನಿಂತಿದ್ದ ಡಬ್ಬಿಗಳ ಕಡೆ ನೋಡಿ ಹೊರಟುಹೋದರು. ಜಮಾದಾರರು ಹೊರುವಾಗ ನೆಲಕ್ಕಿಟ್ಟಿದ್ದ ಕಂಬಳಿ ಎತ್ತಿ, ಕೊಡವಿ, ನನ್ನ ಹೆಗಲ ಮೇಲೆ ಹಾಕಿದರು. ಬಿಲ್ಲೆ ಮುಚ್ಚಿಹೋಯಿತು.

ಬಿಲ್ಲೆಯನ್ನು ಅವರು ಮತ್ತೆ ಕೇಳಲಿಲ್ಲ, ನಾನು ಕೊಡಹೋದರೂ ಮುಟ್ಟಲಿಲ್ಲ. ನಿಜಾಮರ ಆಳಿಕೆ ಮುರಿದುಬಿದ್ದ ಗಲಾಟೆಯ ವರ್ಷ ಊರೆಲ್ಲ ಚೆಲ್ಲಾಪಿಲ್ಲಿಯಾದಾಗ ಹೆಂಡತಿ ಮಕ್ಕಳನ್ನು ಕರೆದುಕೊಂಡು ಮಲ್ಲಟಕ್ಕೆ ಹೋದರು. ಎಲ್ಲ ತಣ್ಣಗಾದ ಮೇಲೆ ನೋಡಿಬರೋಣವೆಂದು ಹೋದರೆ, ಅವರ ಹೆಂಡತಿ ಹೊಲದ ಬದುವಿನಲ್ಲಿದ್ದ ಸಮಾಧಿಯ ಕಡೆ ಕೈ ತೋರಿಸಿದರು. ಜ್ವರ ಬಂದಿತ್ತಂತೆ. ಸುದ್ದಿ ಕಳಿಸಲು ಆ ದಿನಗಳಲ್ಲಿ ಯಾರಿದ್ದರು...

ಮೊನ್ನೆ ಗಾದಿ ತುಂಬಿ ಮುಗಿದ ಮೇಲೆ ಮೊಮ್ಮಕ್ಕಳು ಅದನ್ನು ಹೊತ್ತುಕೊಂಡು ಹೊರಟರು. ಮುಂದಿನವನು ಓಡುತ್ತಿದ್ದ, ಹಿಂದಿನವನು ಎಡವುತ್ತಿದ್ದ. ನನ್ನ ಬಾಯಿಂದ ತಾನಾಗಿ ಬಂತು: “ಹಗೂರ... ಯಪ್ಪಾ, ಹಗೂರ...” ಹುಡುಗರು ನಿಂತು ತಿರುಗಿ ನೋಡಿದರು. “ಏನ್ ಮುತ್ಯಾ, ಹಾಡಾಕತ್ತೀಯೇನು?”

ಆ ಕೂಗಿಗೆ ಹೆಜ್ಜೆ ಹಾಕುವವರು ಈಗ ಯಾರೂ ಉಳಿದಿಲ್ಲ. ಏನಿಲ್ಲ, ನಡೀರಿ ಎಂದೆ. ಅವರ ಕಾಲುಗಳನ್ನು ನೋಡುತ್ತ ಹಿಂದೆ ಹಿಂದೆ ನಡೆದೆ.