ಬೂಟಿಗೂ ಕುಂಕುಮ

ಉರಿಯುವ ಬೀಡಿಯನ್ನು ಮೇಸ್ತ್ರಿ ಬರಿಗಾಲಿನಲ್ಲಿ ಹೊಸಕಿ ಆರಿಸುತ್ತಿದ್ದರು. ಹೆಬ್ಬೆರಳ ಬುಡದಿಂದ, ನಿಧಾನವಾಗಿ, ಯಾರಾದರೂ ನೋಡುತ್ತಿದ್ದರೆ ಇನ್ನೂ ನಿಧಾನವಾಗಿ. ಬಲಗಾಲಿನ ಆ ಹೆಬ್ಬೆರಳಿಗೆ ಉಗುರಿರಲಿಲ್ಲ. ದಂಡಿನ ಸೋಲ್ಜರನೊಬ್ಬ ಬೂಟುಗಾಲಿನಲ್ಲಿ ತುಳಿದು ಹೋಯಿತೆಂದು ಒಮ್ಮೆ ಹೇಳಿದ್ದರು. ಎರಕದ ಶೆಡ್ಡಿನಲ್ಲಿ ಅಚ್ಚು ಬಿದ್ದು ಹೋಯಿತೆಂದು ಇನ್ನೊಮ್ಮೆ. ಎರಡನ್ನೂ ಒಂದೇ ಮುಖ ಇಟ್ಟುಕೊಂಡು ಹೇಳಿದ್ದರು. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ.

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸ್ಮರಣ ಸಂಚಿಕೆಯಲ್ಲಿ ಅವರ ಬಗ್ಗೆ ಇರುವುದು ಒಂದೇ ಸಾಲು: ತಂಡಕ್ಕೆ ಬೂಟು ತಂದ ದೂರದೃಷ್ಟಿಯ ತರಬೇತುದಾರರು. ಓದಿ ನಗು ಬಂತು. ಬೂಟನ್ನು ಅವರಷ್ಟು ವಿರೋಧಿಸಿದವರು ನಮ್ಮಲ್ಲಿ ಇನ್ನೊಬ್ಬರಿರಲಿಲ್ಲ.

ರಾಜಾಜಿನಗರವೆಂದರೆ ಆಗ ಸೈಟಿನ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಮನೆ, ಹೊಸ ಕಾರ್ಖಾನೆಗಳ ತಗಡಿನ ಶೆಡ್ಡುಗಳು. ನಾನು ಕೆಂಗೇರಿ ಕಡೆಯ ರಾಗಿ ಹೊಲದ ಮನೆಯವನು. ಕಾರ್ಖಾನೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕೈಕಸುಬು ನೋಡಿ ಅಲ್ಲ, ಕಾಲು ನೋಡಿ. ತಂಡದ ಹನ್ನೊಂದು ಜನರೂ ಹಾಗೆಯೇ ಬಂದವರು. ಹಗಲು ಎರಕದ ಶೆಡ್ಡು, ಸಂಜೆ ಮೈದಾನ. ತಂಡ ಲೀಗಿನಲ್ಲಿ ಇರುವವರೆಗೆ ಕೆಲಸ. ಖಾಯಂ ಮಾಡುವುದು ಆಮೇಲಿನ ಮಾತು. ಶೆಡ್ಡಿನ ಮೇಸ್ತ್ರಿಯೇ ಮೈದಾನದಲ್ಲೂ ನಮ್ಮ ಮೇಸ್ತ್ರಿ.

ಆಡುತ್ತಿದ್ದುದು ಬರಿಗಾಲಿನಲ್ಲಿ. ಕಣಕಾಲಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಮುಗಿಯಿತು. ಇಳಿಯುವ ಮುಂಚೆ ಒಬ್ಬೊಬ್ಬರೂ ಚೆಂಡನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ಅದು ಮೇಸ್ತ್ರಿಯ ಕಟ್ಟಳೆ. ಆಯುಧಪೂಜೆಯ ದಿನ ಸುತ್ತಿಗೆ, ಇಕ್ಕಳಗಳ ಸಾಲಿನಲ್ಲಿ ಚೆಂಡಿಗೂ ಕುಂಕುಮ ಬೀಳುತ್ತಿತ್ತು.

ಹೀಗಿರುವಾಗ ಲೀಗಿನವರ ಕಾಗದ ಬಂತು. ಬರುವ ಸಲದಿಂದ ಬೂಟಿಲ್ಲದವರು ಆಡುವಂತಿಲ್ಲ.

"ಆಡಲ್ಲ ಬಿಡಿ," ಅಂದರು ಮೇಸ್ತ್ರಿ. "ಪೂಜೆ ಮಾಡಿದ ಚೆಂಡನ್ನ ಜೋಡು ಹಾಕ್ಕೊಂಡ್ ಒದೀಬೇಕಾ?"

"ಬರಿಗಾಲಲ್ಲಿ ಒದ್ರೆ ಪರವಾಗಿಲ್ವಾ ಮೇಸ್ತ್ರಿ?" ಅಂದ ನಮ್ಮ ಗೋಲ್‌ಕೀಪರ್. ಅವನ ಬಾಯಿಗೆ ಅಂಕೆ ಇರಲಿಲ್ಲ.

"ಮಗು ತಾಯೀನ ಒದೆಯಲ್ವೇನೋ? ಬೂಟ್ ಹಾಕ್ಕೊಂಡ್ ಒದೀತದಾ? ನೀನು ಕೈಯಲ್ಲಿ ಆಡೋನು, ಸುಮ್ನಿರು."

ಎರಡು ವಾರ ಅವರು ಬಗ್ಗಲಿಲ್ಲ. ನನಗೆ ಒಳಗೊಳಗೇ ಭಯ. ಮದುವೆ ಗೊತ್ತಾಗಿತ್ತು, ಕೆಲಸ ಖಾಯಮ್ಮಾ ಎಂದು ಹೆಣ್ಣಿನ ಕಡೆಯವರು ಎರಡು ಸಲ ಹೇಳಿಕಳಿಸಿ ಕೇಳಿದ್ದರು. ಕೊನೆಗೆ ಮ್ಯಾನೇಜರೇ ಶೆಡ್ಡಿಗೆ ಇಳಿದು ಬಂದರು. ಅವರು ಆಡಿದ್ದು ನಮ್ಮೆಲ್ಲರ ಕಿವಿಗೂ ಬಿತ್ತು: "ಲೀಗಿಲ್ಲ ಅಂದ್ರೆ ಟೀಮಿಲ್ಲ. ಟೀಮಿಲ್ಲ ಅಂದ್ರೆ ಈ ಹನ್ನೊಂದು ಜನ ನಂಗ್ಯಾಕೆ, ಮೇಸ್ತ್ರಿ?"

ಮೇಸ್ತ್ರಿ ಹೊರಗೆ ಹೋಗಿ ಬೀಡಿ ಹಚ್ಚಿದರು. ಅದನ್ನು ಆರಿಸಿದ ರೀತಿ ಮಾತ್ರ ಬೇರೆ. ಯಾರೂ ನೋಡುತ್ತಿಲ್ಲವೇನೋ ಎಂಬ ಹಾಗೆ, ಅವಸರದಲ್ಲಿ.

ಮರುವಾರ ಶೆಡ್ಡಿನ ಮೂಲೆಯಲ್ಲಿ ಒಂದು ಗೋಣಿಚೀಲ. ಅದನ್ನು ಅವರು ನೆಲಕ್ಕೆ ಸುರಿದರು: ಹನ್ನೊಂದು ಜೊತೆ ಬೂಟು, ಅಡಿಯಲ್ಲಿ ಮೊಳೆ ಹೊಡೆದು ಕೂರಿಸಿದ ಚರ್ಮದ ತುಂಡುಗಳು. ಹಬ್ಬವಲ್ಲ, ಹುಣ್ಣಿಮೆಯಲ್ಲ, ಒಂದು ಒಣ ಸೋಮವಾರ. ಬೂಟುಗಳನ್ನು ಚೆಂಡಿನ ಪಕ್ಕ ಸಾಲಾಗಿಟ್ಟು, ಒಂದೊಂದರ ಮೂತಿಗೂ ಕುಂಕುಮ ಇಟ್ಟು, ಕರ್ಪೂರ ಹಚ್ಚಿದರು.

"ಇವತ್ತಿಂದ ಇವೂ ಆಯುಧ ಕಣ್ರೋ. ಮುಟ್ಟಿ ಕಣ್ಣಿಗೊತ್ಕೊಳ್ಳಿ."

"ಬೂಟನ್ನಾ?" ಎಂದ ಗೋಲ್‌ಕೀಪರ್.

"ಬೂಟನ್ನೇ. ನಗಬೇಡ. ಅನ್ನ ಹಾಕೋದನ್ನ ನೋಡಿ ನಗಬಾರ್ದು."

ಆ ಬೇಸಿಗೆ ನಾವು ಬೂಟಿನಲ್ಲೇ ಬದುಕಿದೆವು. ಕಾರ್ಖಾನೆಗೆ ಬೂಟು, ಸಂತೆಗೆ ಬೂಟು, ಮಾಗಡಿ ರಸ್ತೆಯುದ್ದಕ್ಕೂ ಬೆಳಗಿನ ಓಟಕ್ಕೆ ಬೂಟು. ಊರಿಗೆ ಹೋದಾಗ ಅಂಗಳದ ಕಲ್ಲುಹಾಸಿನ ಮೇಲೆ ಸದ್ದು ಕೇಳಿ ಅವ್ವ ಹೊರಗೆ ಬಂದು, "ಎತ್ತಿಗೆ ಲಾಳ ಕಟ್ಸಿದಂಗೆ ಬತ್ತಾ ಇದೀಯಲ್ಲೋ!" ಅಂದಳು. ಹಿಮ್ಮಡಿ ಕಿತ್ತು ಬೊಬ್ಬೆ ಎದ್ದಿತ್ತು. ಮೇಸ್ತ್ರಿ ಮಾತ್ರ ನಮ್ಮ ಪಕ್ಕದಲ್ಲಿ ಬರಿಗಾಲಿನಲ್ಲೇ ಓಡುತ್ತಿದ್ದರು. ಆ ಹೆಬ್ಬೆರಳು ಯಾವ ಬೂಟಿಗೂ ಹಿಡಿಸದು.

ದಾರ ಕಟ್ಟುವುದನ್ನು ಅವರೇ ಕಲಿಸಿದರು. ಅಂಗಾಲಿನಡಿ ಒಂದು ಸುತ್ತು, ಕಣಕಾಲಿಗೆ ಎರಡು ಸುತ್ತು, ಜೋಡಿ ಗಂಟು, ಗಂಟಿನ ಮೇಲೆ ಒಂದಿಷ್ಟು ನೀರು. ಒದ್ದೆ ದಾರ ಬಿಗಿದುಕೊಂಡರೆ ಬಿಚ್ಚಲು ಕಾಲು ಗಂಟೆ. ಇಷ್ಟು ಬಿಗಿ ಏಕೆಂದು ನಾನು ಕೇಳಿದ್ದೆ.

"ನಿಮ್ಮನ್ನ ನಂಬಲ್ಲ, ಅದಕ್ಕೆ," ಅಂದಿದ್ದರು.

ಅದರ ಅರ್ಥ ಆ ಸಲದ ಕೊನೆಯ ಪಂದ್ಯದಲ್ಲಿ ತಿಳಿಯಿತು. ಎದುರಿಗೆ ದಂಡಿನ ತಂಡ, ಸಣ್ಣಂದಿನಿಂದ ಬೂಟಿನಲ್ಲೇ ಆಡಿದವರು. ಸೋತರೆ ನಾವು ಲೀಗಿನಿಂದ ಹೊರಗೆ, ಸೋಲದಿದ್ದರೆ ಸಾಕಿತ್ತು. ಅರ್ಧ ಆಟಕ್ಕೆ ಎರಡು ಗೋಲು ಹಿಂದೆ. ನಾನು ಬ್ಯಾಕ್ ಆಡುತ್ತಿದ್ದವನು, ಹಿಂದೆ ನಿಂತು ಗೋಲು ಕಾಯುವವನು. ಎರಡೂ ಸಲ ಅವರ ಫಾರ್ವರ್ಡ್ ಆಟಗಾರನ ಹಿಂದೆ ತಿರುಗುವಾಗ ಬೂಟು ಜಾರಿ ಬಿದ್ದಿದ್ದೆ. ಗೆರೆಯಾಚೆ ಕೂತು ಅಳುಬುರುಕನಂತೆ ಕೂಗಿದೆ: "ಬಿಚ್ಚಿ ಎಸೀತೀನಿ ಮೇಸ್ತ್ರಿ! ಬರಿಗಾಲಲ್ಲಾದ್ರೆ ಹಿಡೀತೀನಿ ಅವನ್ನ!"

"ಬಿಚ್ಚು, ನೋಡೋಣ."

ಉಗುರು ಹಾಕಿದೆ, ಹಲ್ಲು ಹಾಕಿದೆ. ಗಂಟು ಅಲುಗಲಿಲ್ಲ. ಪಕ್ಕದಲ್ಲಿ ಇನ್ನಿಬ್ಬರು ಕದ್ದು ಅದೇ ಕೆಲಸ ಮಾಡುತ್ತಿದ್ದರು. ಮೇಸ್ತ್ರಿ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೂಟಿನ ಮಣ್ಣನ್ನು ತಮ್ಮ ಪಂಚೆಯಲ್ಲಿ ಒರೆಸಿದರು. "ಬರಿಗಾಲಿನ ಆಟ ಮುಗೀತು ಕಣೋ. ನಂದು ಮುಗೀತು. ನಿಂದು ಇದರಲ್ಲೇ ಇದೆ. ಏಳು."

ಸಂಚಿಕೆಯಲ್ಲಿ ನಾವು ಆ ಪಂದ್ಯ ಗೆದ್ದೆವೆಂದಿದೆ. ಗೆಲ್ಲಲಿಲ್ಲ. ಎರಡು-ಎರಡು. ಸಮ ಮಾಡಿದ ಗೋಲು ನನ್ನ ಬೂಟಿನ ತುದಿಗೆ ತಗುಲಿ ಒಳಗೆ ಹೋಯಿತೆಂದು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಒಬ್ಬ ಬ್ಯಾಕ್ ಅಷ್ಟು ಮುಂದೆ ಏಕಿದ್ದ ಎಂದು ಈಗ ನಾನೇ ಕೇಳಿಕೊಂಡರೆ ಉತ್ತರ ಸಿಕ್ಕುವುದಿಲ್ಲ. ಬಿಚ್ಚದ ಗಂಟಿನ ಬಗ್ಗೆ ಮಾತ್ರ ಅನುಮಾನವಿಲ್ಲ; ಹಲ್ಲಿಗೆ ಆ ಮಣ್ಣಿನ ರುಚಿ ಇನ್ನೂ ಇದೆ. ತಂಡ ಲೀಗಿನಲ್ಲಿ ಉಳಿಯಿತು. ಅದೇ ವರ್ಷ ಹನ್ನೊಂದು ಜನರೂ ಖಾಯಂ ಆದೆವು. ನನ್ನ ಮದುವೆಗೆ ಮೇಸ್ತ್ರಿ ಹೊಸ ಪಂಚೆ ಉಟ್ಟು, ಬರಿಗಾಲಿನಲ್ಲಿ ಬಂದರು.

ಮೂರೋ ನಾಲ್ಕೋ ವರ್ಷದ ಮೇಲೆ, ಒಂದು ಸಂಜೆ ನಾವು ಮೈದಾನದಲ್ಲಿದ್ದಾಗ ಶೆಡ್ಡಿನವನೊಬ್ಬ ಸೈಕಲ್ಲಿನಲ್ಲಿ ಬಂದ. ಮೇಸ್ತ್ರಿಗೆ ಎದೆನೋವಂತೆ, ಹೋಗಿಬಿಟ್ಟರಂತೆ. ಇದ್ದ ಹಾಗೇ ಓಡಿದೆವು.

ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಾವೆಲ್ಲ ಸಾಲಾಗಿ ಮೆಟ್ಟಿಲ ಮೇಲೆ ಕೂತು ದಾರ ಬಿಚ್ಚತೊಡಗಿದೆವು. ಗಂಟು ಒದ್ದೆ, ಯಾರದೂ ಬಿಚ್ಚಿಕೊಳ್ಳಲಿಲ್ಲ. ಗೋಲ್‌ಕೀಪರ್ ಎದ್ದು ಒಳಕ್ಕೆ ಕೂಗಿ ಕತ್ತರಿ ಕೇಳಿದ. ಅವರ ಹೆಂಡತಿ ಬಾಗಿಲಿಗೆ ಬಂದರು. ನಮ್ಮ ಕಾಲುಗಳನ್ನೇ ಒಂದು ಗಳಿಗೆ ನೋಡಿದರು.

"ಅವರು ಕಲಿಸಿದ ಗಂಟು. ಕತ್ತರಿ ಹಾಕಬೇಡಿ," ಅಂದರು. "ಹಂಗೇ ಬನ್ನಪ್ಪಾ."

ಹನ್ನೊಂದು ಜೊತೆ ಬೂಟು ಆ ಕಲ್ಲಿನ ನೆಲದ ಮೇಲೆ ಸದ್ದು ಮಾಡಿತು. ಅಳುತ್ತಿದ್ದವರೂ ತಲೆಯೆತ್ತಿ ನೋಡಿದರು. ನಾನು ಬಗ್ಗಿ, ಉಗುರಿಲ್ಲದ ಆ ಹೆಬ್ಬೆರಳನ್ನು ಮುಟ್ಟಿ, ಚೆಂಡನ್ನು ಮುಟ್ಟಿದ ಹಾಗೆ, ಕಣ್ಣಿಗೊತ್ತಿಕೊಂಡೆ. ಬೂಟುಗಾಲಲ್ಲೇ.