ಟೊಳ್ಳಿಲ್ಲದ ತಮ್ಮ

ಗುಜರಿ ಅಂಗಳದ ಗೇಟಿನ ಪಕ್ಕದಲ್ಲಿ, ಸತ್ತ ಲಾರಿಯಿಂದ ಕಿತ್ತ ಡ್ರೈವರ್ ಸೀಟಿನ ಮೇಲೆ, ತೊಡೆಯ ಮೇಲೆ ಸುತ್ತಿಗೆ ಇಟ್ಟುಕೊಂಡು ಅಕ್ಕ ಕೂತಳೆಂದರೆ ಅಂದಿನ ರಾಜ್ಯಭಾರ ಶುರುವಾಯಿತೆಂದೇ ಅರ್ಥ. ಸೀಟಿನ ಸ್ಪ್ರಿಂಗು ಒಂದು ಕಡೆ ಕುಸಿದಿದ್ದರಿಂದ ಸಾಮ್ರಾಜ್ಞಿ ಸದಾ ಎಡಕ್ಕೆ ವಾಲಿರುತ್ತಿದ್ದಳು. ಲಾರಿಯವರು ಅದನ್ನೂ ಗತ್ತು ಎಂದುಕೊಂಡಿದ್ದರು. ಅವಳಿಗಿಂತ ವಯಸ್ಸಾದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆದರೆ ಅವಳು ನಿಜವಾಗಿ ಅಕ್ಕನಾಗಿದ್ದುದು ಒಬ್ಬನಿಗೆ ಮಾತ್ರ, ಅಂಗಳದ ಯಜಮಾನನಾದ ತಮ್ಮನಿಗೆ.

ಅಪ್ಪ ಬಿಟ್ಟುಹೋದ ಆಸ್ತಿ ಒಂದು ಗಾಡಿ. ತಮ್ಮ ಮುಂದೆ ನಿಂತು ಎಳೆದ, ಅಕ್ಕ ಹಿಂದೆ ನಿಂತು ತಳ್ಳಿದಳು. ಗಾಡಿ ಬೆಳೆದು ಅಂಗಳವಾಯಿತು, ಅಂಗಳಕ್ಕೆ ಬೋರ್ಡು ಬಂತು, ಬೋರ್ಡಿನ ಮೇಲೆ ಮುಂದಿದ್ದವನ ಹೆಸರು ಬಂತು. ಅಕ್ಕ ಅದಕ್ಕೆ ತಕರಾರು ಮಾಡಲಿಲ್ಲ. ಬೋರ್ಡು ಯಾರದಾದರೇನು, ಗೇಟು ತನ್ನದಲ್ಲವೇ! ಒಳಗೆ ಬರುವ ಮಾಲು ಯಾವ ಬಗೆಯದೆಂದು ಹೇಳುವ ಬಾಯಿ ಅವಳದೊಂದೇ ಆಗಿತ್ತು.

ಆ ಬಾಯಿಯಾದರೂ ಎಂಥದ್ದು! ಥಳಥಳ ಹೊಳೆಯುವ ತಾಮ್ರದ ತಂತಿಗೆ ಅವಳಿಟ್ಟ ಹೆಸರು ‘ಮದುಮಗಳು’. ದೂರದಿಂದ ಚಿನ್ನದಂತೆ ಕಂಡು ಹತ್ತಿರ ಬಂದರೆ ಹಿತ್ತಾಳೆಯಾಗುವುದು ‘ಬೀಗರು’. ಮುಟ್ಟಿದರೆ ಸಾಕು ಡಬಡಬ ಬಡಿದುಕೊಳ್ಳುವ ತಗಡು ‘ಅತ್ತೆ’. ಉಳಿದ ಕಬ್ಬಿಣವನ್ನೆಲ್ಲ ಅವಳು ಸುತ್ತಿಗೆಯಿಂದ ಬಡಿದು ನೋಡುತ್ತಿದ್ದಳು, ಏಕೆಂದರೆ ತೂಕ ಬರಲೆಂದು ಪೈಪಿನೊಳಗೆ ಮಣ್ಣು ತುಂಬುವ ಕಲಾವಿದರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಬಡಿಯದೆ ಒಳಗೆ ಬಿಡುತ್ತಿದ್ದುದು ಒಂದನ್ನೇ: ದಪ್ಪ, ಗಟ್ಟಿ ಕಬ್ಬಿಣ. ಅದರ ಹೆಸರು ‘ತಮ್ಮ’.

ಯಾವ ಬಗೆಗೂ ಸೇರದ ಹಾಳುಮೂಳನ್ನು ಹಿಂದಿನ ಗೋಡೆಯ ಮೂಲೆಗೆ ಎಸೆಯುತ್ತಿದ್ದರು. ಆ ಮೂಲೆಗೂ ಅವಳು ನಾಮಕರಣ ಮಾಡಿದ್ದಳು: ‘ವಿಶ್ರಾಂತಿ’.

ಹೀಗಿರುವಾಗ ತಮ್ಮ ಒಂದು ದಿನ ಬಂದು, “ಅಕ್ಕಾ, ಕಂಪ್ಯೂಟರಿನವನೊಬ್ಬ ಬರ್ತಾನೆ. ಗುಜರಿ ವ್ಯಾಪಾರಕ್ಕೆ ಅಂತಲೇ ಮಾಡಿರೋ ಸಾಫ್ಟ್‌ವೇರ್ ಹಾಕ್ತಾನೆ. ಮಾಲು ಒಳಗೆ ಬರೋದು, ತೂಕ, ಬಗೆ, ಬಿಲ್ಲು, ಹೊರಗೆ ಹೋಗೋದು, ಎಲ್ಲ ಅದರಲ್ಲೇ. ನಿನಗೆ ಗೊತ್ತಿರೋದನ್ನೆಲ್ಲ ಅವನಿಗೆ ಹೇಳಿಕೊಡು” ಎಂದ.

“ಎಲ್ಲ ಹೇಳಿಕೊಟ್ಟ ಮೇಲೆ ನಾನೇನೋ ಮಾಡ್ಲಿ, ನೊಣ ಹೊಡೀಲಾ?”

“ಅಯ್ಯೋ, ಗಾಜಿನ ಕ್ಯಾಬಿನ್ ಕಟ್ಟಿಸ್ತಿಲ್ವಾ? ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಬರುತ್ತೆ. ಒಂದರಲ್ಲಿ ನಾನು.”

ಇನ್ನೊಂದರಲ್ಲಿ ಯಾರೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಗಟ್ಟಿ ಕಬ್ಬಿಣವನ್ನು ಬಡಿದು ನೋಡುವ ಅಭ್ಯಾಸ ಅವಳಿಗಿರಲಿಲ್ಲವಲ್ಲ.

ಕಂಪ್ಯೂಟರಿನವನು ಒಳ್ಳೆಯವನು. ಬಂದ ದಿನ ಇಸ್ತ್ರಿ ಅಂಗಿಯಲ್ಲಿದ್ದ, ಸಂಜೆಯ ಹೊತ್ತಿಗೆ ಅವನೂ ಮಾಲಿನಂತೆಯೇ ಕಾಣುತ್ತಿದ್ದ. ಒಂದೊಂದು ಬಗೆಯ ಫೋಟೋ ತೆಗೆದ, ಅವಳು ಹೇಳಿದ ಹೆಸರನ್ನೇ ಹಾಕಿದ. ಯಾವುದನ್ನು ಬಡಿದು ನೋಡಬೇಕೋ ಅಲ್ಲಿ ಪರದೆಯೇ ಕೇಳುತ್ತದೆ, ‘ಹೌದು’ ಒತ್ತುವ ತನಕ ಗೇಟು ತೆರೆಯುವುದಿಲ್ಲ, ಹಾಗೆ ಮಾಡಿದ.

“‘ತಮ್ಮ’ನಿಗೆ ಪರೀಕ್ಷೆ ಬೇಡ್ವಾ ಅಕ್ಕಾ?”

“ತಮ್ಮ ಕಣಪ್ಪಾ ಅದು. ಒಳಗೆ ಟೊಳ್ಳಿರಲ್ಲ.”

“‘ವಿಶ್ರಾಂತಿ’ ಅಂದ್ರೆ?”

“ಅಲ್ಲಿ ಬಿದ್ದದ್ದನ್ನ ಮತ್ತೆ ಯಾರೂ ಹೆಸರು ಹಿಡಿದು ಕೇಳಲ್ಲ. ಆರಾಮಾಗಿ ತುಕ್ಕು ಹಿಡೀಬಹುದು.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ತನ್ನ ಮಾತು ಪರದೆಯ ಮೇಲೆ ಅಚ್ಚಾಗಿ ಮೂಡುವುದನ್ನು ಕಂಡು ಅಕ್ಕ ಉಬ್ಬಿಹೋದಳು. ಕೇಳದೇ ಇದ್ದುದನ್ನೂ ಹೇಳಿಕೊಟ್ಟಳು. ಮನೆಗೆ ಹೋಗಿ ಹಳೆಯ ಸೀರೆ ಕತ್ತರಿಸಿ, ಹತ್ತಿ ತುಂಬಿ, ಎರಡನೇ ಕುರ್ಚಿಗೆ ಒಂದು ಮೆತ್ತೆ ಹೊಲಿದಳು.

ಉದ್ಘಾಟನೆಯ ದಿನ ಮೆತ್ತೆಯನ್ನು ಕಂಕುಳಲ್ಲಿ ಇರುಕಿಕೊಂಡು ಪಟ್ಟಾಭಿಷೇಕಕ್ಕೆ ಹೊರಟವಳಂತೆ ಬಂದಳು. ಗಾಜಿನಾಚೆ ಎರಡೂ ಕುರ್ಚಿ ಕಂಡವು. ಒಂದರಲ್ಲಿ ತಮ್ಮ. ಇನ್ನೊಂದರಲ್ಲಿ ತಮ್ಮನ ಬಾಮೈದ, ಹೆಂಡತಿಯ ಒಬ್ಬನೇ ಸಹೋದರ, ಕುರ್ಚಿ ಗಿರ್ರನೆ ತಿರುಗುತ್ತದೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದ.

ತಮ್ಮ ಹೊರಗೆ ಬಂದು ಗಂಟಲು ಸರಿಪಡಿಸಿಕೊಂಡ. “ನಮ್ಮಕ್ಕ ಈ ಅಂಗಳಕ್ಕೆ ಬಹಳ ದುಡಿದಿದ್ದಾಳೆ. ಇವತ್ತಿನಿಂದ ಅವಳಿಗೆ ವಿಶ್ರಾಂತಿ.”

ಚಪ್ಪಾಳೆಗೆಂದು ಎತ್ತಿದ ಕೈಗಳು ಅಲ್ಲಲ್ಲೇ ನಿಂತವು. ಮಾಲು ಆರಿಸುವ ಹೆಂಗಸೊಬ್ಬಳು “ಅಯ್ಯಯ್ಯೋ!” ಎಂದಳು. ಅಂಗಳದ ತಲೆಗಳೆಲ್ಲ ಒಟ್ಟಿಗೇ ಹಿಂದಿನ ಗೋಡೆಯ ಮೂಲೆಗೆ ತಿರುಗಿದವು. ತಮ್ಮನ ಕಣ್ಣೂ ಅಲ್ಲಿಗೆ ಹೋಗಿ, ಥಟ್ಟನೆ ವಾಪಸು ಬಂತು. ಅಕ್ಕ ಅದನ್ನು ನೋಡಿದಳು.

“ಎರಡು ಕುರ್ಚಿ ಅಂದಿದ್ಯಲ್ಲೋ?”

“ಎರಡೇ ಇದಾವಲ್ಲಕ್ಕಾ.”

“ಅದೂ ನಿಜ. ನಿನ್ನ ಬಾಮೈದನಿಗೆ ತಾಮ್ರ ಯಾವುದು, ಹಿತ್ತಾಳೆ ಯಾವುದು ಗೊತ್ತೇನೋ?”

“ಗೊತ್ತಿರಬೇಕಾಗಿಲ್ಲ. ಎಲ್ಲ ಅದರಲ್ಲೇ ಇದೆ. ಫೋಟೋ ನೋಡಿದ್ರೆ ಆಯ್ತು.” ತಮ್ಮ ಮೆಲ್ಲಗೆ ಸೇರಿಸಿದ: “ನೀನೇ ಹೇಳಿಕೊಟ್ಟಿದ್ದಲ್ವಾ ಅಕ್ಕಾ.”

ಅದೂ ನಿಜವೇ. ತನ್ನ ಬಾಯಿಯನ್ನು ತಾನೇ ಬಿಚ್ಚಿ ಆ ಡಬ್ಬಿಯೊಳಗೆ ಇಟ್ಟು ಕೊಟ್ಟಿದ್ದಳು, ನಗುನಗುತ್ತಾ. ಅತ್ತುಬಿಡಬಹುದಿತ್ತು, ಆದರೆ ಬೀಗರ ಕಡೆಯವನು ನೋಡುತ್ತಿದ್ದ.

“ಆಯ್ತಪ್ಪಾ. ಅದರಲ್ಲಿ ಒಂದೇ ಒಂದು ತಿದ್ದೋದಿದೆ. ತಿದ್ದಿಸಿ ಹೋಗ್ತೀನಿ.”

ಗದ್ದಲವಿಲ್ಲದೆ ಮುಗಿಯಿತಲ್ಲ ಎಂದು ತಮ್ಮನಿಗೆ ಎದೆಯ ಭಾರ ಇಳಿಯಿತು. “ಅಕ್ಕ ಹೇಳಿದ ಹಾಗೆ ಮಾಡಪ್ಪಾ” ಎಂದು ಅಲ್ಲೇ ನಿಂತಿದ್ದ ಕಂಪ್ಯೂಟರಿನವನಿಗೆ ಧಾರಾಳವಾಗಿ ಅಪ್ಪಣೆ ಕೊಟ್ಟ.

ಅಕ್ಕ ಕಂಪ್ಯೂಟರಿನವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಅವಳ ಮುಖ ನೋಡಿದ. “ನಿಜವಾಗ್ಲೂ?”

“ಕೆಂಪಕ್ಷರದಲ್ಲಿ ಹಾಕು. ದೊಡ್ಡದಾಗಿ.”

ಸುತ್ತಿಗೆಯನ್ನು ತಮ್ಮನ ಮೇಜಿನ ಮೇಲಿಟ್ಟು, ಮೆತ್ತೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ಅಕ್ಕ ಗೇಟು ದಾಟಿದಳು. ಎದುರಿಗೆ ಗಟ್ಟಿ ಕಬ್ಬಿಣ ತುಂಬಿದ ಲಾರಿ ಬರುತ್ತಿತ್ತು. ಡ್ರೈವರ್ ರೂಢಿಯಂತೆ ಹಾರನ್ ಹೊಡೆದ. ಅವಳು ತಲೆ ಎತ್ತಲಿಲ್ಲ.

ಕ್ಯಾಬಿನ್ನಿನಲ್ಲಿ ಬಾಮೈದ ಫೋಟೋ ನೋಡಿ ಸರಿಯಾಗಿಯೇ ‘ತಮ್ಮ’ ಎಂದು ಒತ್ತಿದ. ಗೇಟು ತೆರೆಯಲಿಲ್ಲ. ಪರದೆ ಕುಂಯ್ ಎಂದು ಕೂಗಿ ಕೆಂಪಾಯಿತು. ಬಾಮೈದ ಅಂಗಳಕ್ಕೆಲ್ಲ ಕೇಳುವಂತೆ ಓದಿದ:

“ತಮ್ಮನನ್ನು ಬಡಿದು ನೋಡಿದಿರಾ?”

ಹೊರಗೆ ಮೊದಲು ಒಬ್ಬಳು ನಕ್ಕಳು. ಆಮೇಲೆ ತಗಡಿನ ರಾಶಿಯೇ ಜಾರಿದಂತೆ ಎಲ್ಲರೂ ನಕ್ಕರು. ಬಾಮೈದ ಪಾಪ, “ಏನೊತ್ತಲಿ ಭಾವಾ?” ಎಂದು ಕೇಳಿದ. ತಮ್ಮ ಮೇಜಿನ ಮೇಲಿದ್ದ ಸುತ್ತಿಗೆಯನ್ನು ನೋಡುತ್ತಾ ಕೂತ.

ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯುತ್ತಿದೆ. ಬಿಲ್ಲು ತಪ್ಪಿಲ್ಲ, ಮಾಲು ಅದಲುಬದಲಾಗಿಲ್ಲ. ಆ ಒಂದು ಪ್ರಶ್ನೆಯನ್ನು ತೆಗೆಸಲು ಒಂದು ಫೋನ್ ಮಾಡಿದರೆ ಸಾಕು. ಆದರೆ ಫೋನ್ ಮಾಡಿದರೆ ಯಾವ ಪ್ರಶ್ನೆ ಎಂದು ಹೇಳಬೇಕು. ತಮ್ಮ ಇನ್ನೂ ಹೇಳಿಲ್ಲ.

ಲಾರಿಗಳು ಅಕ್ಕನ ಮನೆಯ ಮುಂದೆಯೇ ಹಾದುಹೋಗುತ್ತವೆ. “ಅಕ್ಕಾ, ಇವತ್ತೂ ಕೇಳ್ತು!” ಎಂದು ಡ್ರೈವರುಗಳು ಕೂಗುತ್ತಾರೆ. ಹೊಸ್ತಿಲ ಬಳಿ ಮೆತ್ತೆ ಹಾಕಿಕೊಂಡು ಕೂತ ಅಕ್ಕ ಹೊಟ್ಟೆ ಹಿಡಿದು ನಗುತ್ತಾಳೆ. ಮೆತ್ತೆ ಸಮವಾಗಿದೆ, ಸ್ಪ್ರಿಂಗಿನ ಕಾಟವಿಲ್ಲ. ಆದರೂ ಎಡಕ್ಕೇ ವಾಲುತ್ತಾಳೆ. ನಕ್ಕು ಮುಗಿದ ಮೇಲೆ ಅವಳ ಕೈ ಅವಳನ್ನು ಕೇಳದೆಯೇ ತೊಡೆಯ ಮೇಲೆ ಸುತ್ತಿಗೆ ಹುಡುಕುತ್ತದೆ.